ಗೃಹಪ್ರವೇಶದ ಡಬ್ಬಿ

ನಾಲ್ಕು ದಿನದಿಂದ ಬಾರದೆ ಸತಾಯಿಸುತ್ತಿದ್ದದ್ದು ಗುರುವಾರ ಬೆಳಿಗ್ಗೆ ಆರೂಕಾಲಿಗೆ ಬಂದಿತು. ಅದನ್ನು ಹಿಡಿದಿಡಲು ಡಬ್ಬಿ ಮಾತ್ರ ಇರಲಿಲ್ಲ.

ಚಿತ್ತಯ್ಯ ಕಕ್ಕಸಿನ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು ಹೆಂಡತಿಯನ್ನು ಕೂಗಿದ. ಔಷಧಿ ಅಂಗಡಿಯಿಂದ ತಂದಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಎಲ್ಲಿ ಎಂದು ಕೇಳಿದ. ಅದು ನಾಲ್ಕು ದಿನ ಕಿಟಕಿಯಲ್ಲಿ ಸುಮ್ಮನೆ ಕೂತಿದ್ದನ್ನು ನೋಡಿ, ಇನ್ನು ಇವರಿಂದ ಆಗುವುದಿಲ್ಲವೆಂದು ತೀರ್ಮಾನಿಸಿ, ಅದಕ್ಕೆ ಗುಂಡಿ, ಪಿನ್ನು, ಸೂಜಿ ತುಂಬಿಟ್ಟಿರುವುದಾಗಿ ಅನುಸೂಯ ಅಡುಗೆಮನೆಯಿಂದಲೇ ತಿಳಿಸಿದಳು. ಸುರಿದು ಕೊಡು ಎಂದರೆ, ಸೂಜಿ ಬಿದ್ದರೆ ಹುಡುಕುವವರು ಯಾರು ಎಂದಳು. ಕೊನೆಗೆ ಬಾಗಿಲ ಸಂದಿಯಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ಒಳಗೆ ಬಂತು.

“ಇಂಗಿನ ಡಬ್ಬಿ ಕಣ್ರಿ. ಇಂಗು ತೆಗ್ದೀನಿ. ಇದನ್ನ ಮಾತ್ರ ವಾಪಸ್ ಮನೆಗೆ ತರಬ್ಯಾಡ್ರಿ,” ಎಂದಳು ಅನುಸೂಯ.

ಅಂಥ ಡಬ್ಬಿ ಶ್ರೀರಾಂಪುರದ ಆ ಬೀದಿಯ ಪ್ರತಿ ಮನೆಯಲ್ಲೂ ಇತ್ತು. ಹೋದ ವರ್ಷ ಪಕ್ಕದ ಮನೆಯ ಶಿವಗಂಗಮ್ಮ, ಮುರುಗಪ್ಪ ದಂಪತಿ ಹೊಸ ಮನೆಯ ಗೃಹಪ್ರವೇಶ ಮಾಡಿದಾಗ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಕೊಟ್ಟಿದ್ದರು. ಮುಚ್ಚಳದ ಮೇಲೆ ಗಂಡಹೆಂಡಿರ ಹೆಸರನ್ನೂ ತಾರೀಖನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಬೀದಿಯವರು ಅದರಲ್ಲಿ ಇಂಗು, ಸುಣ್ಣ, ಕುಂಕುಮ, ಮಕ್ಕಳ ಉದುರಿದ ಹಲ್ಲು ಹೀಗೆ ಕೈಗೆ ಸಿಕ್ಕಿದ್ದನ್ನು ಇಟ್ಟುಕೊಂಡಿದ್ದರು. ಅಂದಾಜು ತಪ್ಪಿ ಹೆಚ್ಚು ಮಾಡಿಸಿದ್ದರಿಂದ ಶಿವಗಂಗಮ್ಮನ ಅಟ್ಟದ ಮೇಲೆ ಇನ್ನೂ ಅರ್ಧ ಚೀಲ ಮಿಕ್ಕಿತ್ತು.

ಚಿತ್ತಯ್ಯ ಊರಿನ ಹುಡುಗರ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಸಹಾಯಕ. ಕೆಲಸ ಖಾಯಂ ಅಲ್ಲ. ಆಳು ಒದಗಿಸುವ ಏಜೆನ್ಸಿಯವರ ಪಟ್ಟಿಗೆ ವರ್ಷ ವರ್ಷ ಹೆಸರು ಸೇರಬೇಕು. ಈ ವರ್ಷ ಹೊಸ ಆದೇಶ ಬಂದಿತ್ತು. ವಾರ್ಡನ್ನಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಹಾಸ್ಟೆಲಿನ ಆರೂ ಜನ ಮಲ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿ ಹುಳು ಇಲ್ಲವೆಂಬ ರಿಪೋರ್ಟ್ ಕೊಡಬೇಕು. ವಾರ್ಡನ್ ರಂಗಯ್ಯನವರು ಮೊದಲ ದಿನವೇ ಮಾಡಿಸಿ, ತಮ್ಮ ರಿಪೋರ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಕೆಳಗೆ ಕೆಂಪು ಇಂಕಿನಲ್ಲಿ ‘ಎಲ್ಲರೂ ಹೀಗಿರತಕ್ಕದ್ದು’ ಎಂದು ಬರೆದಿದ್ದರು. ಮುಖ್ಯ ಅಡುಗೆಯವನಾದ ಮಲ್ಲೇಶ್ ಮಾರನೆಯ ದಿನ ಕೊಟ್ಟ. ಇನ್ನೊಬ್ಬ ಸಹಾಯಕಿ ಭಾಗ್ಯ ಕೊಟ್ಟಳು. ಪಾತ್ರೆ ತೊಳೆಯುವ ಇಬ್ಬರೂ ಕೊಟ್ಟರು. ಎಲ್ಲರದೂ ಒಂದಕ್ಕಿಂತ ಒಂದು ಸ್ವಚ್ಛ.

ಉಳಿದವನು ಚಿತ್ತಯ್ಯ ಒಬ್ಬನೇ. ಬೇಕು ಎಂದು ಯಾರಾದರೂ ಕೇಳಿದರೆ ಸಾಕು, ಅವನ ಹೊಟ್ಟೆ ನೆಂಟರನ್ನು ಕಂಡ ಮಗುವಿನ ಹಾಗೆ ಒಳಗೆ ಓಡಿಹೋಗಿ ಅಗುಳಿ ಹಾಕಿಕೊಳ್ಳುತ್ತಿತ್ತು. ಇವತ್ತು ಸಂಜೆ ಐದಕ್ಕೆ ಏಜೆನ್ಸಿಯ ಸೂಪರ್‌ವೈಸರ್ ಬಂದು ಪಟ್ಟಿ ತೆಗೆದುಕೊಂಡು ಹೋಗುತ್ತಾನೆ. ರಿಪೋರ್ಟ್ ಇಲ್ಲದವನ ಹೆಸರು ಅದರಲ್ಲಿ ಇರುವುದಿಲ್ಲ.

ಡಬ್ಬಿಯ ಮುಚ್ಚಳವನ್ನು ಎರಡು ಕೈಯಲ್ಲಿ ಒತ್ತಿ ಮುಚ್ಚಿ, ಗುರುತಿಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ, ಕೈಚೀಲದಲ್ಲಿ ಇಟ್ಟುಕೊಂಡು ಚಿತ್ತಯ್ಯ ಹೊರಬಿದ್ದ. ಲ್ಯಾಬ್ ಇರುವುದು ಹೊಸದುರ್ಗದಲ್ಲಿ. ಎಂಟೂವರೆಯ ಬಸ್ಸು ಹಿಡಿಯಬೇಕು. ಆದರೆ ಶಿವಗಂಗಮ್ಮನಿಗೆ ಲೆಕ್ಕ ಒಪ್ಪಿಸದೆ ಆ ಬೀದಿಯಿಂದ ಯಾರೂ ಹೊರಗೆ ಹೋದ ಉದಾಹರಣೆ ಇರಲಿಲ್ಲ. ಆಕೆ ಜಗುಲಿಯಿಂದಲೇ ಅವನ ಚೀಲವನ್ನೂ ನಡಿಗೆಯನ್ನೂ ನೋಡಿ ವಿಷಯ ತಿಳಿದುಕೊಂಡಳು.

“ಅಂತೂ ಆಯ್ತಾ? ಒಳ್ಳೇದಾತು ಬಿಡು. ಹೆಂಗೂ ಹೊಸದುರ್ಗಕ್ಕೆ ಹೋಗ್ತಿದೀಯ, ಇದನ್ನ ದನದ ಆಸ್ಪತ್ರೆ ಜುಂಜಯ್ಯನ ಕೈಗೆ ಕೊಟ್ಟು ಚೀಟಿ ಈಸ್ಕಂಡು ಬಾ. ನಮ್ ಜಿಮ್ಮಿದು. ಪರೀಕ್ಷೆ ಮಾಡಿಸ್ರಿ ಅಂದಿದ್ದ.”

ಅವಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟದ್ದು ಅದೇ ಗೃಹಪ್ರವೇಶದ ಡಬ್ಬಿ. ಜಿಮ್ಮಿ ಕಂದು ಬಣ್ಣದ ನಾಟಿ ನಾಯಿ. ತಿನ್ನುತ್ತಿದ್ದದ್ದು ಚಿತ್ತಯ್ಯ ದಿನವೂ ತರುವ ಹಾಸ್ಟೆಲಿನ ಮಿಕ್ಕ ಅನ್ನ ಸಾರು. ಮಲಗುತ್ತಿದ್ದದ್ದು ಅವನ ಹೊಸಿಲ ಮುಂದೆ. ತನ್ನ ಡಬ್ಬಿಗೆ ರಬ್ಬರ್ ಬ್ಯಾಂಡ್ ಇದೆ, ನಾಯಿಯದಕ್ಕೆ ಕವರ್ ಇದೆ ಎಂದು ಚಿತ್ತಯ್ಯ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಬಸ್ ಹತ್ತುವಾಗ ಮೂರನೆಯ ಸಲ ಹೇಳಿಕೊಂಡ.

ಬಸ್ಸಿನಲ್ಲಿ ಅವನ ಪಕ್ಕ ಕೂತವನು ಬೋರಣ್ಣ ಎಂಬ ಮುದುಕ. ಎರಡು ಊರಾಚೆಯವನು, ಮುಖಪರಿಚಯ ಮಾತ್ರ. ಎಲೆಗೆ ಅಡಿಕೆ ಇಟ್ಟು ಮಡಿಚಿ ಹಿಡಿದಿದ್ದ, ಸುಣ್ಣ ಇರಲಿಲ್ಲ. ಚಿತ್ತಯ್ಯನ ಚೀಲದ ಬಾಯಿಯಿಂದ ಹೊಳೆಯುವ ಸ್ಟೀಲ್ ಡಬ್ಬಿ ಕಂಡದ್ದೇ ಅವನ ಮುಖ ಅರಳಿತು. ಕೇಳುವ ಅಗತ್ಯವೂ ಕಾಣದೆ ಕೈ ಹಾಕಿ ಡಬ್ಬಿಯನ್ನು ಎತ್ತಿಕೊಂಡ. ಚಿತ್ತಯ್ಯ ಅವನ ಮಣಿಕಟ್ಟು ಹಿಡಿದ.

“ಸುಣ್ಣ ಅಲ್ಲಣ್ಣ ಅದು.”

“ಮತ್ತೇನಪ್ಪ?”

ನಿಜ ಹೇಳಲು ಬಾಯಿ ಬರಲಿಲ್ಲ. ಬಸ್ಸಿನ ತುಂಬ ಜನ. “ಔಷಧಿ,” ಎಂದ ಚಿತ್ತಯ್ಯ. ಯಾತಕ್ಕೆ ಎಂದು ಬೋರಣ್ಣ ಕೇಳಿದ. ಹೊಟ್ಟೆಗೆ ಎಂದ.

ಅಷ್ಟು ಹೇಳಬಾರದಿತ್ತು. ಬೋರಣ್ಣನಿಗೆ ಎಂಟು ವರ್ಷದಿಂದ ಹೊಟ್ಟೆನೋವು. ಹಿರಿಯೂರಿನಿಂದ ದಾವಣಗೆರೆಯವರೆಗೆ ಅವನು ನೋಡದ ಡಾಕ್ಟರಿಲ್ಲ, ಕುಡಿಯದ ಕಷಾಯವಿಲ್ಲ. ಮನುಷ್ಯ ಇಷ್ಟು ಜೋಪಾನವಾಗಿ ಹಿಡಿದುಕೊಂಡ ಔಷಧಿಯನ್ನು ಮಾತ್ರ ಅವನು ಈತನಕ ಕಂಡಿರಲಿಲ್ಲ.

“ಹೆಚ್ಗೆ ಬ್ಯಾಡ. ಉಗುರಿನಾಗೆ ಚೂರು ಕೊಡು, ನಾಲಿಗೆ ಮ್ಯಾಲೆ ಇಟ್ಕಂತೀನಿ.”

ಒಬ್ಬರಿಗೆಂದು ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಚಿತ್ತಯ್ಯ ಹೇಳಿದ. ಇದರಿಂದ ಔಷಧಿಯ ಮೇಲಿನ ನಂಬಿಕೆ ಇಡೀ ಬಸ್ಸಿನಲ್ಲಿ ಇಮ್ಮಡಿಯಾಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ, ಕೊಡುವವರು ಯಾವ ಊರಿನವರೆಂದು ಕೇಳಿದಳು. ತುರುವನೂರು ಕಡೆಯವರು ಎಂದು ಅವನ ಬಾಯಿಗೆ ಬಂದುಬಿಟ್ಟಿತು. ಹೆಸರು ಕೇಳಿದರು. ಹೆಸರು ಹೇಳಬಾರದಂತೆ ಎಂದ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು, ತನ್ನ ತಾಯಿಗೆ ಊಟ ಮಾಡಿದ ತಕ್ಷಣ ಎದೆ ಉರಿಯುತ್ತದೆ, ಅದಕ್ಕೂ ಆಗುತ್ತದೆಯೇ ಎಂದು ವಿಚಾರಿಸಿದ. ಇಷ್ಟರಲ್ಲಿ ಬೋರಣ್ಣ ರಬ್ಬರ್ ಬ್ಯಾಂಡ್ ತೆಗೆದು ಬೆರಳಿಗೆ ಸುತ್ತಿಕೊಂಡು ಮುಚ್ಚಳಕ್ಕೆ ಉಗುರು ಹಾಕಿದ್ದ. ಚಿತ್ತಯ್ಯ ಇದ್ದಬದ್ದ ಶಕ್ತಿಯಿಂದ ಡಬ್ಬಿಯನ್ನು ಎಳೆದ. ಬಸ್ಸು ಅದೇ ಹೊತ್ತಿಗೆ ಉಬ್ಬು ಹಾರಿತು. ಡಬ್ಬಿ ಹಾರಿತು, ತೊಡೆಯ ಮೇಲಿನ ಚೀಲವೂ ಮಗುಚಿತು.

ಬಸ್ಸಿನವರೆಲ್ಲ ಬಗ್ಗಿ ಹುಡುಕಿದರು. ಅಂಥ ಅಮೂಲ್ಯ ವಸ್ತು ಕಾಲಡಿಗೆ ಬಿದ್ದಿದೆಯೆಂದು ಚಪ್ಪಲಿ ಎತ್ತಿ ಜಾಗ ಬಿಟ್ಟುಕೊಟ್ಟರು. ಒಂದು ಡಬ್ಬಿಯನ್ನು ಕಂಡಕ್ಟರ್ ತಂದುಕೊಟ್ಟ. ಇನ್ನೊಂದನ್ನು ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಕೊಟ್ಟಳು. ಪ್ಲಾಸ್ಟಿಕ್ ಕವರ್ ಡ್ರೈವರನ ಹಿಂದೆ ಹಾರಾಡುತ್ತಿತ್ತು.

ಎರಡು ಡಬ್ಬಿ. ಎರಡರ ಮೇಲೂ ಶ್ರೀಮತಿ ಶಿವಗಂಗಮ್ಮ, ಶ್ರೀ ಮುರುಗಪ್ಪ. ಎರಡರ ಮೇಲೂ ಅದೇ ತಾರೀಖು.

ಚಿತ್ತಯ್ಯ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ನಾಯಿಯ ಹೊಟ್ಟೆಯಲ್ಲಿ ಹುಳು ಇರದೆ ಇನ್ನೇನಿರುತ್ತದೆ? ಅದರ ಡಬ್ಬಿ ತನ್ನ ಹೆಸರಿನಲ್ಲಿ ಲ್ಯಾಬಿಗೆ ಹೋದರೆ ಹನ್ನೊಂದು ವರ್ಷದ ಕೆಲಸ ಒಂದು ನಾಯಿಯ ಹುಳುವಿನಿಂದ ಹೋಗುತ್ತದೆ.

ಹೊಸದುರ್ಗದ ಬಸ್ ನಿಲ್ದಾಣದ ಹಿಂದೆ, ಗೋಡೆಗೆ ಮುಖ ಮಾಡಿ ನಿಂತು, ಅವನು ಎರಡನ್ನೂ ತೆರೆದು ನೋಡಿದ. ಹಾಸ್ಟೆಲಿನ ಅದೇ ಅನ್ನ ಸಾರು ತಿಂದ ಎರಡು ಜೀವಗಳ ನಡುವೆ ದೇವರು ಹೆಚ್ಚಿನ ವ್ಯತ್ಯಾಸ ಇಟ್ಟಿರಲಿಲ್ಲ. ಆಮೇಲೆ ತನ್ನದು ಇಂಗಿನ ಡಬ್ಬಿ ಎಂಬುದು ನೆನಪಾಗಿ ಎರಡಕ್ಕೂ ಮೂಗು ಕೊಟ್ಟ. ಇಂಗಿನ ವಾಸನೆ ಸಿಗಲಿಲ್ಲ. ಮುಂದೆ ಅರ್ಧ ಗಂಟೆ ಬೇರೆ ಯಾವ ವಾಸನೆಯೂ ಸಿಗಲಿಲ್ಲ. ಬೆಳಿಗ್ಗೆ ತಾನು ಎರಡು ಕೈಯಲ್ಲಿ ಒತ್ತಿ ಮುಚ್ಚಿದ್ದರಿಂದ ಯಾವ ಮುಚ್ಚಳ ಬಿಗಿಯಾಗಿತ್ತೋ ಅದೇ ತನ್ನದು ಎಂಬ ಯೋಚನೆ, ಎರಡೂ ಮುಚ್ಚಳ ತೆರೆದಾದ ಮೇಲೆ ಹೊಳೆಯಿತು.

ಉಳಿದದ್ದು ಒಂದೇ ದಾರಿ, ಹೊಸದಾಗಿ ಇನ್ನೊಂದು ಕೊಡುವುದು. ಲ್ಯಾಬಿನವರು ತೆಗೆದುಕೊಳ್ಳುವುದು ಹನ್ನೊಂದು ಗಂಟೆಯವರೆಗೆ. ಚಿತ್ತಯ್ಯ ನಾಲ್ಕು ಬಾಳೆಹಣ್ಣು ತಿಂದ. ಎರಡು ಟೀ ಕುಡಿದ. ಹೋಟೆಲಿನವನನ್ನು ಕಾಡಿ ಒಂದು ಚೊಂಬು ಬಿಸಿನೀರು ಕುಡಿದ. ನಿಲ್ದಾಣವನ್ನು ಏಳು ಸುತ್ತು ಹಾಕಿದ. ಶೌಚಾಲಯಕ್ಕೆ ಮೂರನೆಯ ಸಲ ಹೋದಾಗ ಬಾಗಿಲಲ್ಲಿ ಕೂತವನು ಕಾಸು ಬೇಡವೆಂದು ಕೈ ಆಡಿಸಿದ. ಒಳಗೆ ಅಗುಳಿ ಬಿದ್ದೇ ಇತ್ತು. ನಾಲ್ಕು ದಿನಕ್ಕೊಮ್ಮೆ ಬರುವುದು ನಾಲ್ಕು ಗಂಟೆಯೊಳಗೆ ಮತ್ತೆ ಬರುವುದಿಲ್ಲವೆಂದು ಹತ್ತೂ ಮುಕ್ಕಾಲಿಗೆ ಖಚಿತವಾಯಿತು.

ಅವನು ಕಣ್ಣು ಮುಚ್ಚಿ ಚೀಲಕ್ಕೆ ಬಲಗೈ ಹಾಕಿದ. ಮೊದಲು ಸಿಕ್ಕಿದ್ದನ್ನು ತನ್ನದೆಂದುಕೊಂಡ.

ಲ್ಯಾಬಿನಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಕೈಗವಸು ಹಾಕಿಕೊಂಡು ಡಬ್ಬಿ ತೆಗೆದುಕೊಂಡಳು. ಮುಚ್ಚಳ ನೋಡಿ ನಿಟ್ಟುಸಿರು ಬಿಟ್ಟಳು.

“ಶ್ರೀರಾಂಪುರದ ಹಾಸ್ಟೆಲಿನೋರಾ? ಈ ವಾರ ಇದು ಆರನೇ ಡಬ್ಬಿ. ಪ್ಲಾಸ್ಟಿಕ್‌ದ್ರಲ್ಲಿ ತರ್ರಿ ಅಂದ್ರೂ ಯಾರೂ ಕೇಳಲ್ಲ. ನಾನು ಹೋಗ್ದೇ ಇರೋ ಗೃಹಪ್ರವೇಶದ ತಾರೀಖು ನನಗೆ ಬಾಯಿಪಾಠ ಆಗೈತೆ.”

ಚಿತ್ತಯ್ಯ ಕ್ಷಮೆ ಕೇಳಿದ. ಅವಳು ಹೆಸರು ಬರೆದುಕೊಂಡು, ಹೆದರಬೇಡಿ, ನಿಮ್ಮ ಹಾಸ್ಟೆಲಿನವರದೆಲ್ಲ ಬಹಳ ಚೆನ್ನಾಗಿ ಬರುತ್ತದೆ, ಇಷ್ಟು ಚೊಕ್ಕ ಹೊಟ್ಟೆಗಳನ್ನು ತಾನು ಈ ತಾಲ್ಲೂಕಿನಲ್ಲೇ ಕಂಡಿಲ್ಲ ಎಂದಳು. ಒಂದೂವರೆಗೆ ಬರಲು ಹೇಳಿದಳು. ಚಿತ್ತಯ್ಯ ಇನ್ನೊಂದು ಡಬ್ಬಿಯನ್ನು ದನದ ಆಸ್ಪತ್ರೆಗೆ ಒಯ್ದು, ಅಲ್ಲಿನ ಸಹಾಯಕ ಜುಂಜಯ್ಯನ ಕೈಗೆ ಕೊಟ್ಟು, ಶಿವಗಂಗಮ್ಮನವರ ಜಿಮ್ಮಿಯದು ಎಂದು ಬರೆಸಿ ಬಂದ. ಬರೆಸುವಾಗ ಅವನ ನಾಲಿಗೆ ತಡವರಿಸಿತು.

ಒಂದೂವರೆಗೆ ದಾಕ್ಷಾಯಿಣಿ ಕೊಟ್ಟ ಹಾಳೆಯಲ್ಲಿ ಹುಳುವಾಗಲಿ ಹುಳುವಿನ ಮೊಟ್ಟೆಯಾಗಲಿ ಕಂಡುಬಂದಿಲ್ಲ ಎಂದಿತ್ತು. ಅಲ್ಲೇ ಕೂತಿದ್ದ ಡಾಕ್ಟರು ಸಹಿ ಹಾಕಿದರು. ಚಿತ್ತಯ್ಯ ಹಾಳೆಯನ್ನು ಮೂರು ಸಲ ಓದಿ, ಹೊರಗೆ ಬಂದು ಬಿಸಿಲಿನಲ್ಲಿ ನಿಂತು ನಾಲ್ಕನೆಯ ಸಲ ಓದಿದ. ಬಲಗೈ ಸರಿಯಾದ ಡಬ್ಬಿಯನ್ನೇ ಹಿಡಿದಿತ್ತು. ಅನುಸೂಯಳಿಗೆ ಫೋನು ಮಾಡಿ, ಎಲ್ಲ ಸರಿಯಾಯಿತು, ರಾತ್ರಿಗೆ ಪಾಯಸ ಮಾಡು ಎಂದ. ಹಾಳೆ ಮಡಿಕೆ ಬೀಳಬಾರದೆಂದು ಹತ್ತಿರದ ಅಂಗಡಿಯಲ್ಲಿ ಒಂದು ಫೈಲು ಕೊಂಡ. ಸಂತೋಷವಾಗಿ ಇದ್ದದ್ದು ಅಷ್ಟೇ, ಸುಮಾರು ಮುಕ್ಕಾಲು ಗಂಟೆ.

ದನದ ಆಸ್ಪತ್ರೆಯಲ್ಲಿ ಜುಂಜಯ್ಯ ಅವನನ್ನು ಕಂಡವನೇ ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದ. ಅವನ ಮುಖದಲ್ಲಿ ಯಾವುದೋ ಅವಮಾನ ಇತ್ತು.

“ಕುಂತ್ಕ. ಆ ಡಬ್ಬಿ ನಿಜವಾಗ್ಲೂ ಜಿಮ್ಮಿದೇನಾ?”

“ಹೌದಣ್ಣ. ಯಾಕೆ?”

“ಹತ್ತು ದಿನದ ಹಿಂದೆ ನಾನೇ ಕೈಯಾರೆ ಅದ್ರ ಗಂಟಲಿಗೆ ಗುಳಿಗೆ ಇಳಿಸೀನಿ. ಇಲ್ನೋಡು, ಕಚ್ಚಿದ್ದು ಇನ್ನೂ ಮಾಯ್ದಿಲ್ಲ. ಆ ಯಮ್ಮ ಮೂರು ತಿಂಗಳಿಗೊಂದ್ಸಲ ತಪ್ಪದಂಗೆ ಹುಳಿನ ಔಷಧಿ ಹಾಕಿಸ್ತಾಳೆ. ಅದ್ರ ಹೊಟ್ಟೆ ಕನ್ನಡಿ ಇದ್ದಂಗೆ ಐತೆ. ಈ ಡಬ್ಬಿ ನೋಡಿದ್ರೆ ಬರೇ ಕೊಕ್ಕೆಹುಳಿನ ಮೊಟ್ಟೆ. ಸಾಹೇಬ್ರು ಎಣಿಸಾಕೆ ಹೋಗಿ ಬಿಟ್ಬಿಟ್ರು.”

ಚಿತ್ತಯ್ಯ ಫೈಲನ್ನು ಎದೆಗೆ ಒತ್ತಿ ಹಿಡಿದ. ಒಳಗಿನಿಂದ ಬಂದ ಡಾಕ್ಟರು, ಈ ಹುಳು ನಾಯಿಯಿಂದ ಮನುಷ್ಯರಿಗೂ ಮನುಷ್ಯರಿಂದ ನಾಯಿಗೂ ಹೋಗುವಂಥದ್ದು, ಮೊಟ್ಟೆಯನ್ನು ನೋಡಿ ಯಾರದೆಂದು ಹೇಳಲು ಬರುವುದಿಲ್ಲ ಎಂದರು. ಹೊಲಸಾದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಅಂಗಾಲಿನಿಂದಲೇ ಹತ್ತುತ್ತದೆ. ಒಳಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೈ ಬಿಳಿಚಿಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಆ ಮನೆಯ ಸುತ್ತ ಅಂಥವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಹಾಸ್ಟೆಲಿನ ಹಿತ್ತಲಿನಲ್ಲಿ ಹನ್ನೊಂದು ವರ್ಷ ಬರಿಗಾಲಲ್ಲಿ ಸೌದೆ ಹೊತ್ತ, ಎರಡು ವರ್ಷದಿಂದ ಅನ್ನದ ಹಂಡೆ ಎತ್ತುವಾಗ ಕಣ್ಣಿಗೆ ಕತ್ತಲೆ ಬರುವ ಚಿತ್ತಯ್ಯ, ವಿಚಾರಿಸಿ ಹೇಳುತ್ತೇನೆ ಎಂದ.

ಜುಂಜಯ್ಯ ಅವನ ಮುಖವನ್ನೇ ದಿಟ್ಟಿಸಿದ. ಕೊನೆಗೆ ಮೆಲ್ಲಗೆ, ದೊಡ್ಡಾಸ್ಪತ್ರೆಗೆ ಹೋದರೆ ಮಾತ್ರೆ ಪುಕ್ಕಟೆ ಕೊಡುತ್ತಾರೆ ಎಂದ.

ಹಿಂದಿರುಗುವ ಬಸ್ಸಿನಲ್ಲಿ ಚಿತ್ತಯ್ಯ ಕೊನೆಯ ಸೀಟಿನ ಮೂಲೆ ಹಿಡಿದು ಕೂತ. ಫೈಲಿನೊಳಗೆ ಇರುವುದು ನಾಯಿಯ ಹೊಟ್ಟೆಯ ಸರ್ಟಿಫಿಕೇಟು. ಅದು ತನಗಲ್ಲದೆ ಯಾರಿಗೂ ಗೊತ್ತಿಲ್ಲ. ಕೊಟ್ಟು ಬಂದರೆ ಹೆಸರು ಪಟ್ಟಿಗೆ ಸೇರುತ್ತದೆ. ಮಾತ್ರೆಯನ್ನು ಗುಟ್ಟಾಗಿ ನುಂಗಿದರಾಯಿತು. ಇದರಲ್ಲಿ ತಪ್ಪೇನು ಎಂದು ಅವನು ತನ್ನನ್ನೇ ಕೇಳಿಕೊಂಡ. ತಪ್ಪೇನೂ ಇಲ್ಲ ಎಂದು ಇನ್ನೇನು ಉತ್ತರ ಹೇಳಿಕೊಳ್ಳಬೇಕು, ಅಷ್ಟರಲ್ಲಿ ಬೋರಣ್ಣ ಬಸ್ ಹತ್ತಿ ಸೀದಾ ಬಂದು ಪಕ್ಕದಲ್ಲಿ ಕೂತ. ಬೆರಳಲ್ಲಿ ಕೆಂಪು ರಬ್ಬರ್ ಬ್ಯಾಂಡ್ ಹಾಗೇ ಇತ್ತು.

ಬೆಳಿಗ್ಗೆ ಎಳೆದಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದ ಬೋರಣ್ಣ. ಎಲ್ಲಿ ಕೆಲಸ ಎಂದು ವಿಚಾರಿಸಿದ. ಹಾಸ್ಟೆಲಿನ ಹೆಸರು ಕೇಳಿದ್ದೇ ಚಿತ್ತಯ್ಯನ ಎರಡೂ ಕೈ ಹಿಡಿದುಕೊಂಡ.

“ನನ್ ಮೊಮ್ಮಗ ಅಲ್ಲೇ ಇರಾದಪ್ಪ, ಏಳ್ನೇ ಕ್ಲಾಸು. ಅವ್ವ ಇಲ್ಲದ ಕೂಸು. ಸಾರು ಬಡ್ಸೋ ಚಿತ್ತಣ್ಣ ಇನ್ನೊಂದು ಸೌಟು ಹಾಕ್ತಾನೆ ತಾತ ಅಂತಿರ್ತಾನೆ. ನೀನೇನಾ ಅದು? ನಿನ್ ಕೈಯಾಗಿನ ಅನ್ನ ತಿಂದು ಬೆಳೀತೈತೆ ನೋಡು ನನ್ ವಂಶ.”

ಚಿತ್ತಯ್ಯ ಮೆಲ್ಲಗೆ ಕೈ ಬಿಡಿಸಿಕೊಂಡು ಕಿಟಕಿಯ ಹೊರಗೆ ಇಳಿಬಿಟ್ಟ. ಊರು ಬರುವತನಕ ಒಳಗೆ ತೆಗೆದುಕೊಳ್ಳಲಿಲ್ಲ.

ಹಾಸ್ಟೆಲಿನ ಆಫೀಸಿನಲ್ಲಿ ರಂಗಯ್ಯನವರ ಎದುರು ಏಜೆನ್ಸಿಯ ಸೂಪರ್‌ವೈಸರ್ ಟೀ ಕುಡಿಯುತ್ತ ಕೂತಿದ್ದ. ಗಂಟೆ ಐದಕ್ಕೆ ಹತ್ತು ನಿಮಿಷ ಇತ್ತು. ರಂಗಯ್ಯನವರು ಫೈಲು ತೆರೆದು, ಹಾಳೆಯ ಕೊನೆಯ ಸಾಲು ನೋಡಿ, ಸರಿ ಹೋಗಪ್ಪ ಎಂದರು. ಚಿತ್ತಯ್ಯ ಹೋಗಲಿಲ್ಲ.

“ಸಾರ್, ಇದು ನಂದಲ್ಲ.”

“ನಿನ್ ಹೆಸರೇ ಐತಲ್ಲೋ.”

“ಹೆಸರು ನಂದು ಸಾರ್. ಒಳಗಿಂದು ನಂದಲ್ಲ. ಡಬ್ಬಿ ಅದಲುಬದಲಾಗೈತೆ.”

ರಂಗಯ್ಯನವರು ಮೇಜಿನ ಕೆಳಗೆ ಅವನ ಕಾಲು ಒದ್ದರು. ಬಸ್ಸಿನಲ್ಲಿ ಬಂದ ಆಯಾಸಕ್ಕೆ ಏನೇನೋ ಮಾತಾಡುತ್ತಿದ್ದಾನೆ ಎಂದು ಸೂಪರ್‌ವೈಸರನಿಗೆ ಹೇಳಿದರು. ಆದರೆ ಚಿತ್ತಯ್ಯ ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂದಿತ್ತು. ಅದು ನಾಯಿಯದು ಎಂದ. ರಂಗಯ್ಯನವರು ಆಗಷ್ಟೇ ಎತ್ತಿದ್ದ ಟೀ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

“ಯಾವ ನಾಯಿ?” ಎಂದು ಅವರು ಬಹಳ ತಗ್ಗಿದ ದನಿಯಲ್ಲಿ ಕೇಳಿದರು.

“ಶಿವಗಂಗಮ್ಮಕ್ಕನ ಜಿಮ್ಮಿ ಸಾರ್.”

ಲೋಟ ಮೇಜಿನ ಮೇಲೆ ಕೂತಿತು. ಸೂಪರ್‌ವೈಸರ್ ಕುರ್ಚಿ ಹಿಂದಕ್ಕೆ ಸರಿಸಿ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಉಳಿದವರದೂ ಹೀಗೇ ಏನಾದರೂ ಇದೆಯೇ ಎಂದು ಕೇಳಿದ. ರಂಗಯ್ಯನವರ ಮೃದುತನವೆಲ್ಲ ಆ ಒಂದು ಪ್ರಶ್ನೆಗೆ ಮಾಯವಾಯಿತು. ಎದ್ದು ನಿಂತು, ಉಳಿದ ಐದೂ ಜನದ್ದು ಚೊಕ್ಕವಾಗಿದೆ, ತಮ್ಮದು ಬೋರ್ಡಿನ ಮೇಲೇ ಇದೆ, ಯಾರು ಬೇಕಾದರೂ ನೋಡಬಹುದು, ಎಂಬತ್ತು ಮಕ್ಕಳಿಗೆ ಅನ್ನ ಹಾಕುವ ಜಾಗದಲ್ಲಿ ಇಂಥ ಆಟ ನಡೆಯುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಹಾಳೆಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಪಟ್ಟಿಯಲ್ಲಿ ಆರನೆಯ ಹೆಸರಿನ ಮೇಲೆ ಅದೇ ಕೆಂಪು ಪೆನ್ನಿನಿಂದ ಗೀಟು ಎಳೆದರು. ಹದಿನೈದು ದಿನ ಬಿಟ್ಟು ಚೊಕ್ಕ ರಿಪೋರ್ಟ್ ತಂದರೆ, ಅಷ್ಟರಲ್ಲಿ ಏಜೆನ್ಸಿಯವರು ಬೇರೆಯವರನ್ನು ಕಳಿಸದೆ ಇದ್ದರೆ, ಆಗ ನೋಡೋಣ ಎಂದರು. ಬೇರೆಯವನು ನಾಳೆಯೇ ಬರುತ್ತಾನೆ ಎಂದ ಸೂಪರ್‌ವೈಸರ್.

ಚಿತ್ತಯ್ಯ ಬೀದಿಗೆ ಬರುವ ಹೊತ್ತಿಗೆ ಅವನ ಮನೆಯಿಂದ ಪಾಯಸದ ಘಮ ಬರುತ್ತಿತ್ತು. ಒಳಗೆ ಹೋಗಿ ಹೇಳುವ ಧೈರ್ಯವಾಗದೆ ಅವನು ಹೊಸಿಲ ಮುಂದಿನ ಕಲ್ಲಿನ ಮೇಲೆ ಕುಸಿದು ಕೂತ. ಜಿಮ್ಮಿ ಎಂದಿನಂತೆ ಬಾಲ ಆಡಿಸುತ್ತ ಬಂದು ಅವನ ಎರಡು ಪಾದಗಳ ಮೇಲೆ ಮೈ ಚಾಚಿತು. ಪಕ್ಕದ ಜಗುಲಿಯಿಂದ ಶಿವಗಂಗಮ್ಮ ಚೀಟಿ ಕೇಳಿದಳು. ಚಿತ್ತಯ್ಯ ಡಬ್ಬಿ ಬದಲಾದದ್ದರಿಂದ ಹಿಡಿದು ಕೆಂಪು ಗೀಟಿನವರೆಗೆ ಎಲ್ಲವನ್ನೂ ಹೇಳಿ, ತನ್ನಿಂದ ತಪ್ಪಾಯಿತು, ಜಿಮ್ಮಿಯ ಹೆಸರಿಗೆ ಕಳಂಕ ಬಂತು ಎಂದ.

ಶಿವಗಂಗಮ್ಮನಿಗೆ ಸಿಟ್ಟು ಬರಲಿಲ್ಲ. ಅವಳು ಇಳಿದು ಬಂದು ಅವನ ಮುಂದೆ ನಿಂತು, ಹಣೆ ಹಣೆ ಚಚ್ಚಿಕೊಂಡಳು.

“ಅಲ್ಲಪ್ಪ, ಕೈಗೆ ಬಂದಿದ್ದ ಒಳ್ಳೇ ರಿಪೋರ್ಟು ಕೊಟ್ಟು ಸುಮ್ನೆ ಬರಾಕೆ ಏನಾಗಿತ್ತು ನಿನಗೆ? ಉಳ್ದೋರೆಲ್ಲ ಸುಮ್ನೆ ಬರಲಿಲ್ವ?”

“ಅವರ್ದು ಅವರವರ್ದೇ ಅಲ್ವೇನಕ್ಕ?”

ಶಿವಗಂಗಮ್ಮ ಬೀದಿಯ ಆ ಕೊನೆ ಈ ಕೊನೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ಎಲ್ಲಾ ಜಿಮ್ಮಿದೇ.”

ಚಿತ್ತಯ್ಯ ಅವಳನ್ನೇ ನೋಡಿದ. ಅವಳು ಬೆರಳು ಮಡಿಸಿ ಲೆಕ್ಕ ಹೇಳಿದಳು. ಮಲ್ಲೇಶ್ ಬಂದು ಡಬ್ಬಿ ಸಮೇತ ತೆಗೆದುಕೊಂಡು ಹೋದ. ಭಾಗ್ಯ ತನಗೊಂದು, ಪಾತ್ರೆ ತೊಳೆಯುವ ಇಬ್ಬರಿಗೆ ಎರಡು ಒಯ್ದಳು. ಯಾರ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು, ಔಷಧಿ ಕಾಣುವ ಹೊಟ್ಟೆ ಈ ಬೀದಿಯಲ್ಲಿ ಇರುವುದು ಜಿಮ್ಮಿಗೆ ಮಾತ್ರ. ದಿನಕ್ಕೆ ಎರಡು ಸಲ, ಹೊತ್ತಿಗೆ ಸರಿಯಾಗಿ. ಯಾರನ್ನೂ ಬರಿಗೈಲಿ ಕಳಿಸಲಿಲ್ಲ ಎಂದು ಅವಳು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

“ವಾರ್ಡನ್ ಸಾಹೇಬ್ರದು?”

“ಅವರ್ದೇ ಮೊದಲ್ನೇ ಡಬ್ಬಿ. ಉಪಾಯ ಹೇಳ್ಕೊಟ್ಟಿದ್ದೂ ಅವರೇ.”

“ಮತ್ತೆ ನನಗ್ಯಾಕಕ್ಕ ಹೇಳಲಿಲ್ಲ?”

“ಹೇಳಾಣ ಅಂತಿದ್ದೆ. ಮಲ್ಲೇಶ ಬ್ಯಾಡ ಅಂದ. ಚಿತ್ತಯ್ಯ ಭಯಸ್ಥ, ಎಲ್ಲಾದ್ರೂ ಬಾಯಿ ಬಿಟ್ಬಿಡ್ತಾನೆ ಅಂದ.”

ಚಿತ್ತಯ್ಯ ಜಿಮ್ಮಿಯ ಬೆನ್ನು ಸವರಿದ. ಒಳಗೆ ಅನುಸೂಯ ಲೋಟಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು. ನಾಳೆ ಬರುವವನಿಗೆ ಮದುವೆಯೋ ಮನೆಯೋ ಏನಾದರೂ ಅಡ್ಡ ಬಂದು, ಅವನು ಹದಿನೈದು ದಿನದಲ್ಲಿ ಬಿಟ್ಟು ಹೋದರೂ ಹೋಗಬಹುದು. ಆಗ ರಿಪೋರ್ಟ್ ಬೇಕಾಗುತ್ತದೆ. ಮಾತ್ರೆ ತನ್ನ ಹುಳುಗಳ ಮೇಲೆ ಎಷ್ಟು ಕೆಲಸ ಮಾಡುತ್ತದೋ, ಹೊಟ್ಟೆ ಆ ದಿನ ಅಗುಳಿ ತೆಗೆಯುತ್ತದೋ ಇಲ್ಲವೋ, ಯಾರು ಬಲ್ಲರು. ದಿನವೆಲ್ಲ ಕಾಪಾಡಿಕೊಂಡು ಬಂದ ನಿಯತ್ತನ್ನು ಅವನು ಅಲ್ಲಿ, ಆ ಕಲ್ಲಿನ ಮೇಲೆ ಬಿಟ್ಟುಕೊಟ್ಟ.

“ಅಕ್ಕ, ಹದಿನೈದು ದಿನ ಬಿಟ್ಟು ನನಗೂ ಒಂದು ಡಬ್ಬಿ…”

ಶಿವಗಂಗಮ್ಮನ ಕಣ್ಣಿನಲ್ಲಿ ಮರುಕ ಬಂತು. ಅದಕ್ಕೇನು, ಅಟ್ಟದ ಮೇಲೆ ಇನ್ನೂ ಅರ್ಧ ಚೀಲ ಇದೆ ಎಂದಳು. ಅವನು ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ದನದ ಡಾಕ್ಟರು ಹೇಳಿದ ಮಾತೊಂದು ತಲುಪಿಸುವುದು ಬಾಕಿ ಇತ್ತು. ಕೈಗೆ ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

“ಜಿಮ್ಮೀನ ಸ್ವಲ್ಪ ಜೋಪಾನ ಅಕ್ಕ. ಈ ಹುಳು ಮನುಷ್ಯರಿಂದ ನಾಯಿಗೂ ಹತ್ತತೈತಂತೆ.”

ಶಿವಗಂಗಮ್ಮ ಅವನ ಪಾದ ನೋಡಿದಳು, ಪಾದದ ಮೇಲೆ ಮಲಗಿದ್ದ ನಾಯಿಯನ್ನು ನೋಡಿದಳು. ಮರುಗಳಿಗೆಯಲ್ಲಿ ಜಿಮ್ಮಿಯ ಕತ್ತಿನ ಪಟ್ಟಿ ಅವಳ ಕೈಯಲ್ಲಿತ್ತು. ಎಳೆದುಕೊಂಡು ಹೋಗಿ ಗೇಟು ಹಾಕಿ ಚಿಲಕ ಸಿಗಿಸಿದಳು. ಇನ್ನು ಮೇಲೆ ಅವನು ತರುವ ಅನ್ನ ಇದಕ್ಕೆ ಹಾಕುವುದು ಬೇಡ, ಅವನು ಈ ಗೇಟಿನ ಹತ್ತಿರ ಬರುವುದೂ ಬೇಡ ಎಂದಳು. ಡಬ್ಬಿಯ ಮಾತು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಕೆಟ್ಟಿಗೆ ನೀರು ಬಿಡುವ ಸದ್ದೂ ನಾಯಿಯನ್ನು ತಿಕ್ಕುವ ಸದ್ದೂ ಬಂತು.

“ಅವನತ್ರ ಹೋಗಬಾರ್ದು ಮರಿ,” ಎನ್ನುತ್ತಿದ್ದಳು ಶಿವಗಂಗಮ್ಮ. “ಅವನಿಗೆ ಹುಳ ಐತಂತೆ.”

ಚಿತ್ತಯ್ಯ ತನ್ನ ಬರಿಗಾಲುಗಳನ್ನು ಹತ್ತಿರ ಎಳೆದುಕೊಂಡು ಕೂತ. ನಾಯಿ ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು.